ವಿಂಡೋಸ್ ಅಪ್‌ಡೇಟ್ ಪದೇ ಪದೇ ವಿಫಲವಾದಾಗ: ಎಲ್ಲಿ ನಿಂತಿತು ಎಂದು ಮೊದಲು ನೋಡಿ

ಡೌನ್‌ಲೋಡ್ ಪೂರ್ತಿಯಾಗುತ್ತದೆ, ರೀಸ್ಟಾರ್ಟ್ ಮಾಡಿ ಎನ್ನುತ್ತದೆ, ಪರದೆಯ ಮೇಲೆ ಚುಕ್ಕಿಗಳ ಚಕ್ರ ಅರ್ಧ ಗಂಟೆ ಸುತ್ತುತ್ತದೆ, ಆಮೇಲೆ ‘ಅಪ್‌ಡೇಟ್ ಪೂರ್ಣಗೊಳಿಸಲಾಗಲಿಲ್ಲ, ಬದಲಾವಣೆಗಳನ್ನು ಹಿಂತೆಗೆಯಲಾಗುತ್ತಿದೆ’ ಎಂಬರ್ಥದ ಸಾಲು ಕಾಣಿಸಿಕೊಂಡು ಕಂಪ್ಯೂಟರ್ ಹಳೆಯ ಸ್ಥಿತಿಗೇ ಮರಳುತ್ತದೆ. ಮರುದಿನ ಅದೇ ಅಪ್‌ಡೇಟ್ ಮತ್ತೆ ಬಂದು ಅದೇ ಜಾಗದಲ್ಲಿ ಮುಗ್ಗರಿಸುತ್ತದೆ. ಈ ಹಂತಕ್ಕೆ ಬಂದವರಲ್ಲಿ ಬಹುತೇಕರು ಹುಡುಕಿದಾಗ ಸಿಕ್ಕ ಪರಿಹಾರಗಳನ್ನೆಲ್ಲ ಒಂದಾದ ಮೇಲೊಂದರಂತೆ ಪ್ರಯೋಗಿಸಿ ನೋಡುತ್ತಾರೆ: ಸೇವೆಗಳನ್ನು ನಿಲ್ಲಿಸುತ್ತಾರೆ, ಫೋಲ್ಡರ್‌ಗಳನ್ನು ಅಳಿಸುತ್ತಾರೆ, ರಿಜಿಸ್ಟ್ರಿಗೆ ಕೈಹಾಕುತ್ತಾರೆ. ಹೀಗೆ ಮಾಡಿದಾಗ ಅಪ್‌ಡೇಟ್ ಒಂದು ವೇಳೆ ಯಶಸ್ವಿಯಾದರೂ ಯಾವುದರಿಂದ ಸರಿಹೋಯಿತೆಂದು ತಿಳಿಯುವುದಿಲ್ಲ. ಸರಿಹೋಗದಿದ್ದರೆ ಮೊದಲಿದ್ದ ಒಂದು ದೋಷದ ಜೊತೆಗೆ ನಾವೇ ತಂದಿಟ್ಟ ಇನ್ನೆರಡು ಸೇರಿಕೊಂಡಿರುತ್ತವೆ.

ವಿಂಡೋಸ್ 10 ಮತ್ತು 11ರಲ್ಲಿ ಅಪ್‌ಡೇಟ್ ವಿಫಲವಾದಾಗ ಕಾರಣವನ್ನು ಹೇಗೆ ಪತ್ತೆಹಚ್ಚಬೇಕು, ಪತ್ತೆಯಾದ ಕಾರಣಕ್ಕೆ ತಕ್ಕ ಒಂದೇ ಪರಿಹಾರವನ್ನು ಹೇಗೆ ಮಾಡಬೇಕು ಎಂಬುದನ್ನು ಇಲ್ಲಿ ವಿವರಿಸಿದ್ದೇನೆ. ಆಜ್ಞೆಗಳನ್ನೂ ಫೋಲ್ಡರ್‌ಗಳ ಹೆಸರುಗಳನ್ನೂ ಉಚ್ಚಾರಣೆಗೆ ತಕ್ಕಂತೆ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ. ಕಂಪ್ಯೂಟರಿನಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು. ದೋಷದ ಕೋಡ್‌ಗಳೆಲ್ಲವೂ ಸೊನ್ನೆ ಮತ್ತು ಎಕ್ಸ್‌ನಿಂದಲೇ ಆರಂಭವಾಗುವುದರಿಂದ ಆ ಎರಡನ್ನು ಬಿಟ್ಟು ಉಳಿದ ಭಾಗವನ್ನು ಮಾತ್ರ ಬರೆದಿದ್ದೇನೆ.

ಕೈಹಾಕುವ ಮುನ್ನ

ಮೊದಲ ಕೆಲಸ, ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್ ಪುಟದಲ್ಲಿರುವ ಅಪ್‌ಡೇಟ್ ಹಿಸ್ಟರಿಯನ್ನು ತೆರೆದು, ವಿಫಲವಾದ ಅಪ್‌ಡೇಟಿನ ಕೆಬಿ ಸಂಖ್ಯೆ (ಪ್ರತಿ ಅಪ್‌ಡೇಟಿಗೂ ಮೈಕ್ರೋಸಾಫ್ಟ್ ಕೊಡುವ ಗುರುತಿನ ಸಂಖ್ಯೆ), ದಿನಾಂಕ ಮತ್ತು ದೋಷದ ಕೋಡನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳುವುದು. ಇದು ಅನಗತ್ಯ ಶಿಸ್ತು ಎನಿಸಬಹುದು, ಆದರೆ ಮುಂದೆ ಹೇಳಲಿರುವ ಒಂದು ಪರಿಹಾರವು ಈ ಪಟ್ಟಿಯನ್ನೇ ಖಾಲಿ ಮಾಡಿಬಿಡುತ್ತದೆ. ಎರಡನೆಯದಾಗಿ, ಮುಖ್ಯವಾದ ಕಡತಗಳ ಪ್ರತಿಯೊಂದು ಬೇರೆ ಡ್ರೈವಿನಲ್ಲಿರಲಿ. ಮೂರನೆಯದಾಗಿ, ಡಿಸ್ಕ್ ಬಿಟ್‌ಲಾಕರ್‌ನಿಂದ ಅಥವಾ ‘ಡಿವೈಸ್ ಎನ್‌ಕ್ರಿಪ್ಷನ್’ನಿಂದ ರಕ್ಷಿತವಾಗಿದ್ದರೆ ಅದರ 48 ಅಂಕಿಗಳ ರಿಕವರಿ ಕೀ ಎಲ್ಲಿದೆ ಎಂದು ಈಗಲೇ ನೋಡಿಕೊಳ್ಳಿ, ಬಯಾಸ್ (ವಿಂಡೋಸ್‌ಗಿಂತ ಮೊದಲು ಓಡುವ ಮೂಲ ತಂತ್ರಾಂಶ) ಸೆಟ್ಟಿಂಗ್ ಬದಲಿಸಿದಾಗ ಅಥವಾ ಡಿಸ್ಕಿನಲ್ಲಿ ವಿಂಡೋಸ್ ಶುರುವಾಗಲು ಬೇಕಾದ ಬೂಟ್ ವಿಭಾಗವನ್ನು ಮುಟ್ಟಿದಾಗ ಕಂಪ್ಯೂಟರ್ ಅದನ್ನು ಕೇಳಬಹುದು, ಆ ಹೊತ್ತಿಗೆ ಹುಡುಕಲು ಆ ಕಂಪ್ಯೂಟರ್ ನಿಮ್ಮ ಕೈಯಲ್ಲಿರುವುದಿಲ್ಲ.

ಆ ಅಪ್‌ಡೇಟ್ ನಿಮ್ಮ ಕಂಪ್ಯೂಟರಿಗೆ ಬರಬೇಕಾದದ್ದೇ ಎಂಬುದನ್ನೂ ಖಚಿತಪಡಿಸಿಕೊಳ್ಳಬೇಕು. ಸ್ಟಾರ್ಟ್ ಮೆನುವಿನಲ್ಲಿ ‘ವಿನ್‌ವರ್’ ಎಂದು ಹುಡುಕಿದರೆ ಆವೃತ್ತಿಯ ಹೆಸರು ತೋರುತ್ತದೆ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಸ್ತರಿತ ಭದ್ರತಾ ಅಪ್‌ಡೇಟ್ ಯೋಜನೆಗೆ ನೋಂದಾಯಿಸದ ಕಂಪ್ಯೂಟರಿಗೆ ತಿಂಗಳ ಭದ್ರತಾ ಅಪ್‌ಡೇಟ್ ಬರದಿದ್ದರೆ ಅದು ದೋಷವಲ್ಲ. ಹಾಗೆಯೇ ಟಿಪಿಎಂ 2.0 ಎಂಬ ಭದ್ರತಾ ಘಟಕ ಇಲ್ಲದ ಕಂಪ್ಯೂಟರಿನಲ್ಲಿ ವಿಂಡೋಸ್ 11ಕ್ಕೆ ಏರುವ ಪ್ರಯತ್ನ ನಿಂತುಹೋದರೆ ಅದನ್ನು ರಿಪೇರಿಯಿಂದ ಸರಿಪಡಿಸಲಾಗದು. ಸೆಟ್ಟಿಂಗ್ಸ್ ಪುಟದ ಮೇಲ್ಭಾಗದಲ್ಲಿ ‘ಕೆಲವು ಆಯ್ಕೆಗಳನ್ನು ನಿಮ್ಮ ಸಂಸ್ಥೆ ನಿರ್ವಹಿಸುತ್ತಿದೆ’ ಎಂಬ ಸೂಚನೆ ಇದ್ದರೆ ಆ ಕಂಪ್ಯೂಟರಿನ ಅಪ್‌ಡೇಟ್ ನಿಮ್ಮ ಕಚೇರಿಯ ಐಟಿ ವಿಭಾಗದ ಹಿಡಿತದಲ್ಲಿದೆ ಎಂದರ್ಥ. ಕೋಡನ್ನು ಅವರಿಗೆ ಕಳಿಸಿ, ನೀವು ಏನನ್ನೂ ಬದಲಿಸಬೇಡಿ.

ಇನ್ನೊಂದು ಸಣ್ಣ ವಿಷಯ. ವಿಂಡೋಸ್ 8ರಿಂದ ಫಾಸ್ಟ್ ಸ್ಟಾರ್ಟಪ್ ಎಂಬ ಸೌಲಭ್ಯ ಬಂದ ಮೇಲೆ ‘ಶಟ್‌ಡೌನ್’ ಒತ್ತಿದಾಗ ವ್ಯವಸ್ಥೆಯ ತಿರುಳು ಪೂರ್ತಿ ಮುಚ್ಚಿಕೊಳ್ಳುವುದಿಲ್ಲ, ಅದರ ಸ್ಥಿತಿ ಡಿಸ್ಕಿನಲ್ಲಿ ಉಳಿದು ಮುಂದಿನ ಸಲ ಅಲ್ಲಿಂದಲೇ ಎಚ್ಚರಗೊಳ್ಳುತ್ತದೆ. ‘ರೀಸ್ಟಾರ್ಟ್’ ಒತ್ತಿದಾಗ ಮಾತ್ರ ಎಲ್ಲವೂ ಮೊದಲಿನಿಂದ ಶುರುವಾಗುತ್ತದೆ. ಹಾಗಾಗಿ ಪ್ರತಿ ರಾತ್ರಿ ಶಟ್‌ಡೌನ್ ಮಾಡುವವರ ಕಂಪ್ಯೂಟರ್ ವಾರಗಟ್ಟಲೆ ನಿಜವಾದ ಅರ್ಥದಲ್ಲಿ ಮರುಚಾಲನೆ ಕಂಡಿರುವುದಿಲ್ಲ. ಬೇರೆ ಏನನ್ನಾದರೂ ಮಾಡುವ ಮೊದಲು ಎರಡು ಬಾರಿ ರೀಸ್ಟಾರ್ಟ್ ಮಾಡಿ ಇನ್ನೊಮ್ಮೆ ಪ್ರಯತ್ನಿಸಿ. ಇದು ಅಜ್ಜಿಮದ್ದಿನಂತೆ ಕೇಳಿಸುತ್ತದೆ, ಆದರೆ ಅರ್ಧಕ್ಕೆ ನಿಂತ ಹಿಂದಿನ ಇನ್‌ಸ್ಟಾಲ್ ಒಂದು ಮುಗಿಯದೆ ಹೊಸದನ್ನು ತಡೆಯುತ್ತಿದ್ದರೆ ಇಷ್ಟರಲ್ಲೇ ದಾರಿ ತೆರೆಯುತ್ತದೆ.

ಮೂರು ಹಂತಗಳು

ಅಪ್‌ಡೇಟ್ ಎಂಬುದು ಒಂದೇ ಕೆಲಸವಲ್ಲ. ಮೊದಲು ನಿಮ್ಮ ಕಂಪ್ಯೂಟರ್ ಸರ್ವರನ್ನು ಸಂಪರ್ಕಿಸಿ ಬೇಕಾದ ಕಡತಗಳನ್ನು ಇಳಿಸಿಕೊಳ್ಳುತ್ತದೆ. ನಂತರ, ನೀವು ಕೆಲಸ ಮಾಡುತ್ತಿರುವಾಗಲೇ, ಹಿನ್ನೆಲೆಯಲ್ಲಿ ಆ ಕಡತಗಳನ್ನು ಬಿಚ್ಚಿ ಕಾಂಪೊನೆಂಟ್ ಸ್ಟೋರ್ ಎಂಬ ಉಗ್ರಾಣದಲ್ಲಿ ಜೋಡಿಸುತ್ತದೆ. ಕೊನೆಗೆ ರೀಸ್ಟಾರ್ಟ್ ಆಗುವಾಗ ಹಳೆಯ ಕಡತಗಳ ಜಾಗಕ್ಕೆ ಹೊಸದನ್ನು ತರುತ್ತದೆ. ಮೊದಲನೆಯ ಹಂತದಲ್ಲಿ ನಿಂತರೆ ತಪ್ಪು ಬಹುಮಟ್ಟಿಗೆ ಸಂಪರ್ಕದ್ದು. ಎರಡನೆಯದರಲ್ಲಿ ನಿಂತರೆ ಜಾಗದ ಕೊರತೆ ಅಥವಾ ಕೆಟ್ಟುಹೋದ ಕಡತಗಳದ್ದು. ಮೂರನೆಯದರಲ್ಲಿ ಹಿಂದಕ್ಕೆ ಮರಳಿದರೆ ಡ್ರೈವರ್ (ಒಂದು ಸಾಧನವನ್ನು ವಿಂಡೋಸ್ ಬಳಸಲು ಬೇಕಾದ ತಂತ್ರಾಂಶ), ಭದ್ರತಾ ತಂತ್ರಾಂಶ ಅಥವಾ ಬೂಟ್ ವಿಭಾಗದ್ದು. ಶೇಕಡಾವಾರು ಸಂಖ್ಯೆ ಎಲ್ಲಿ ನಿಂತಿತೆಂದು ನೆನಪಿಟ್ಟುಕೊಳ್ಳುವುದಕ್ಕಿಂತ, ಡೌನ್‌ಲೋಡ್ ಎನ್ನುತ್ತಿತ್ತೇ, ಇನ್‌ಸ್ಟಾಲ್ ಎನ್ನುತ್ತಿತ್ತೇ, ರೀಸ್ಟಾರ್ಟ್ ನಂತರ ಮರಳಿತೇ ಎಂಬುದನ್ನು ಗಮನಿಸುವುದು ಹೆಚ್ಚು ಉಪಯುಕ್ತ.

ಕೋಡ್ ಓದುವ ಬಗೆ

ದೋಷದ ಕೋಡನ್ನು ಜನ ಮಂತ್ರದಂತೆ ಹುಡುಕುತ್ತಾರೆಯೇ ಹೊರತು ಅದನ್ನು ಓದುವುದಿಲ್ಲ. ಅದರಲ್ಲಿ ಓದಲು ಸಾಕಷ್ಟಿದೆ. 8007 ಎಂದು ಆರಂಭವಾಗುವ ಕೋಡ್‌ಗಳಲ್ಲಿ ಆ ನಾಲ್ಕು ಅಂಕಿಗಳು ಬರಿಯ ಲಕೋಟೆ. ಒಳಗಿನ ಪತ್ರವೆಂದರೆ ಕೊನೆಯ ನಾಲ್ಕು ಸ್ಥಾನಗಳು. ಅವು ವಿಂಡೋಸ್‌ನ ಸಾಮಾನ್ಯ ದೋಷಸಂಖ್ಯೆಯನ್ನು ಹದಿನಾರರ ಆಧಾರದ ಎಣಿಕೆಯಲ್ಲಿ ಹೇಳುತ್ತವೆ. ಉದಾಹರಣೆಗೆ 80070070 ಎಂಬ ಕೋಡ್ ಬಂದಿದೆ ಎಂದಿಟ್ಟುಕೊಳ್ಳಿ. ವಿಂಡೋಸ್‌ನ ಕ್ಯಾಲ್ಕುಲೇಟರನ್ನು ತೆರೆದು ಪ್ರೋಗ್ರಾಮರ್ ವಿಧಾನಕ್ಕೆ ಬದಲಿಸಿ, ಹೆಕ್ಸ್ ಸಾಲನ್ನು ಆರಿಸಿ 70 ಎಂದು ಒತ್ತಿದರೆ ಡೆಸಿಮಲ್ ಸಾಲಿನಲ್ಲಿ 112 ಎಂದು ತೋರುತ್ತದೆ. ಈಗ ಕಮಾಂಡ್ ಪ್ರಾಂಪ್ಟ್ ತೆರೆದು ‘ನೆಟ್ ಹೆಲ್ಪ್‌ಎಂಎಸ್‌ಜಿ 112’ ಎಂಬ ಆಜ್ಞೆ ಕೊಟ್ಟರೆ, ಡಿಸ್ಕಿನಲ್ಲಿ ಸಾಕಷ್ಟು ಜಾಗವಿಲ್ಲ ಎಂದು ಕಂಪ್ಯೂಟರೇ ಒಂದು ಸಾಲಿನಲ್ಲಿ ಹೇಳುತ್ತದೆ. ಅರ್ಧ ನಿಮಿಷದ ಕೆಲಸ. ಹತ್ತಾರು ಸಲಹೆಗಳನ್ನು ಓದುವ ಶ್ರಮ ಉಳಿಯುತ್ತದೆ.

ಇದೇ ರೀತಿ 80070005 ಎಂದರೆ ಐದನೆಯ ದೋಷ, ಪ್ರವೇಶ ನಿರಾಕರಣೆ. ಯಾವುದೋ ಭದ್ರತಾ ತಂತ್ರಾಂಶವೋ ಅನುಮತಿಯ ಗೊಂದಲವೋ ಕಡತ ಬರೆಯಲು ಬಿಡುತ್ತಿಲ್ಲ. 80070002 ಎಂದರೆ ಬೇಕಾದ ಕಡತವೇ ಸಿಗುತ್ತಿಲ್ಲ. 80070020 ಎಂದರೆ 32ನೆಯ ದೋಷ, ಆ ಕಡತವನ್ನು ಬೇರೊಂದು ಪ್ರೋಗ್ರಾಂ ಹಿಡಿದುಕೊಂಡಿದೆ. 80070422 ಎಂದರೆ 1058, ಅಂದರೆ ಅಪ್‌ಡೇಟಿಗೆ ಬೇಕಾದ ಸೇವೆಯನ್ನು ಯಾರೋ ನಿಷ್ಕ್ರಿಯಗೊಳಿಸಿದ್ದಾರೆ. ಆ ‘ಯಾರೋ’ ಸಾಮಾನ್ಯವಾಗಿ ಕಂಪ್ಯೂಟರಿನ ವೇಗ ಹೆಚ್ಚಿಸುತ್ತೇನೆಂದು ಹೇಳಿಕೊಂಡ ಒಂದು ಉಚಿತ ತಂತ್ರಾಂಶ. 80073712 ಬಂದರೆ ಕಾಂಪೊನೆಂಟ್ ಸ್ಟೋರ್ ಹಾಳಾಗಿದೆ.

80072ಇ, 80072ಎಫ್ ಎಂದು ಮುಂದುವರಿಯುವವು ಸಂಪರ್ಕದ ದೋಷಗಳು: 80072ಇಇ2 ಎಂದರೆ ಸರ್ವರಿನಿಂದ ಸಮಯದೊಳಗೆ ಉತ್ತರ ಬರಲಿಲ್ಲ, 80072ಇಇ7 ಎಂದರೆ ಸರ್ವರಿನ ವಿಳಾಸವನ್ನೇ ಕಂಡುಹಿಡಿಯಲಾಗಲಿಲ್ಲ. 8024 ಎಂದು ಆರಂಭವಾಗುವವು ವಿಂಡೋಸ್ ಅಪ್‌ಡೇಟ್ ಘಟಕದ್ದೇ ಸ್ವಂತ ಕೋಡ್‌ಗಳು. 800ಎಫ್ ಎಂಬ ಆರಂಭ ಇನ್‌ಸ್ಟಾಲ್ ಹಂತದ ದೋಷಗಳದ್ದು. ಸಿ1900101 ಎಂಬುದು ದೊಡ್ಡ ಆವೃತ್ತಿಯ ಏರಿಕೆಯಲ್ಲಿ ಕಾಣಿಸುವಂಥದ್ದು ಮತ್ತು ಬಹಳ ಸಲ ಡ್ರೈವರಿನ ಕಡೆಗೆ ಬೆರಳು ತೋರಿಸುವಂಥದ್ದು.

ಡೌನ್‌ಲೋಡ್ ಹಂತ

ಈ ಹಂತದ ತೊಂದರೆಗಳು ಸುಲಭವಾದ್ದರಿಂದ ಬೇಗ ಮುಗಿಸುತ್ತೇನೆ. ಕಂಪ್ಯೂಟರಿನ ದಿನಾಂಕ ಮತ್ತು ಸಮಯ ಸರಿಯಾಗಿದೆಯೇ ನೋಡಿ. ಮದರ್‌ಬೋರ್ಡಿನ ಬ್ಯಾಟರಿ ಸತ್ತು ಗಡಿಯಾರ ಹಲವು ವರ್ಷ ಹಿಂದಕ್ಕೆ ಹೋಗಿದ್ದರೆ ಸರ್ವರಿನ ಭದ್ರತಾ ಪ್ರಮಾಣಪತ್ರ ಅಸಿಂಧುವೆನಿಸಿ ಸಂಪರ್ಕವೇ ಏರ್ಪಡುವುದಿಲ್ಲ. ವಿಪಿಎನ್ ಮತ್ತು ಪ್ರಾಕ್ಸಿಯನ್ನು ತಾತ್ಕಾಲಿಕವಾಗಿ ನಿಲ್ಲಿಸಿ. ವೈಫೈ ಸಂಪರ್ಕವನ್ನು ‘ಮೀಟರ್ಡ್’ (ಡೇಟಾಗೆ ಮಿತಿಯಿರುವ ಸಂಪರ್ಕ) ಎಂದು ಗುರುತಿಸಿದ್ದರೆ ಡೌನ್‌ಲೋಡ್ ತಾನಾಗಿ ಶುರುವಾಗದಿರಬಹುದು. ಸಾಧ್ಯವಿದ್ದರೆ ಬೇರೊಂದು ಇಂಟರ್ನೆಟ್ ಸಂಪರ್ಕದಿಂದ ಒಮ್ಮೆ ಪ್ರಯತ್ನಿಸಿ, ತಪ್ಪು ನಿಮ್ಮ ಕಂಪ್ಯೂಟರಿನದೋ ಜಾಲದ್ದೋ ಎಂಬುದು ಅಲ್ಲಿಗೇ ತೀರ್ಮಾನವಾಗುತ್ತದೆ. 80244022 ಎಂಬ ಕೋಡ್ ಬಂದಿದ್ದರೆ ಎದುರಿನ ಸರ್ವರೇ ಆ ಹೊತ್ತಿಗೆ ಸೇವೆ ಕೊಡಲಾಗದ ಸ್ಥಿತಿಯಲ್ಲಿದೆ ಎಂದರ್ಥ. ಕೆಲವು ಗಂಟೆ ಕಾಯುವುದನ್ನು ಬಿಟ್ಟು ಮಾಡುವಂಥದ್ದು ಏನೂ ಇಲ್ಲ.

ಡೌನ್‌ಲೋಡ್ ಮಾತ್ರ ಹಟ ಹಿಡಿದಿದ್ದರೆ ಮೈಕ್ರೋಸಾಫ್ಟ್ ಅಪ್‌ಡೇಟ್ ಕ್ಯಾಟಲಾಗ್ ತಾಣದಲ್ಲಿ ಕೆಬಿ ಸಂಖ್ಯೆಯನ್ನು ಹುಡುಕಿ ಕಡತವನ್ನು ನೇರವಾಗಿ ಇಳಿಸಿಕೊಳ್ಳಬಹುದು. ನಿಮ್ಮ ಆವೃತ್ತಿ ಮತ್ತು ಪ್ರೊಸೆಸರಿನ ಬಗೆಗೆ ಹೊಂದುವ ಸಾಲನ್ನೇ ಆರಿಸಬೇಕು. ವಿಂಡೋಸ್ 11ರ 24ಎಚ್2 ಆವೃತ್ತಿಯಿಂದೀಚೆಗೆ ಒಂದೇ ಕೆಬಿ ಸಂಖ್ಯೆಯಡಿ ಒಂದಕ್ಕಿಂತ ಹೆಚ್ಚು ಕಡತಗಳಿರಬಹುದು. ಆಗ ಎಲ್ಲವನ್ನೂ ಇಳಿಸಿಕೊಂಡು ಒಂದೇ ಫೋಲ್ಡರಿನಲ್ಲಿಡಬೇಕು.

ಇನ್‌ಸ್ಟಾಲ್ ಹಂತ: ಜಾಗ ಮತ್ತು ಉಗ್ರಾಣ

ಮೊದಲು ಜಾಗ. ತಿಂಗಳ ಅಪ್‌ಡೇಟಿಗೆ ಕಡಿಮೆ ಸಾಕಾದರೂ, ದೊಡ್ಡ ಆವೃತ್ತಿಯ ಅಪ್‌ಡೇಟಿಗೆ ಸಿ ಡ್ರೈವಿನಲ್ಲಿ ಕನಿಷ್ಠ 20 ಜಿಬಿ ಖಾಲಿ ಇಟ್ಟುಕೊಳ್ಳುವುದು ನನ್ನ ರೂಢಿ. ಜಾಗ ಬಿಡಿಸಲು ಸೆಟ್ಟಿಂಗ್ಸ್‌ನ ಸ್ಟೋರೇಜ್ ಪುಟದಲ್ಲಿ ತಾತ್ಕಾಲಿಕ ಕಡತಗಳ ಪಟ್ಟಿ ತೆರೆಯಿರಿ. ಅಲ್ಲಿ ‘ವಿಂಡೋಸ್ ಅಪ್‌ಡೇಟ್ ಕ್ಲೀನಪ್’ ಎಂಬ ಸಾಲು ಹಲವು ಜಿಬಿ ತೂಗುತ್ತಿರುವುದು ಅಪರೂಪವಲ್ಲ. ಅದೇ ಪಟ್ಟಿಯಲ್ಲಿ ‘ಡೌನ್‌ಲೋಡ್ಸ್’ ಎಂಬ ಸಾಲೂ ಇರುತ್ತದೆ, ಅದು ನಿಮ್ಮ ಸ್ವಂತ ಡೌನ್‌ಲೋಡ್ ಫೋಲ್ಡರ್. ಕಣ್ಣುಮುಚ್ಚಿ ಎಲ್ಲಕ್ಕೂ ಟಿಕ್ ಹಾಕಿದವರು ಆಮೇಲೆ ಪರಿತಪಿಸಿದ್ದನ್ನು ಕಂಡಿದ್ದೇನೆ.

ಜಾಗವಿದ್ದೂ ಇನ್‌ಸ್ಟಾಲ್ ನಿಲ್ಲುತ್ತಿದ್ದರೆ ಕಾಂಪೊನೆಂಟ್ ಸ್ಟೋರನ್ನು ಪರೀಕ್ಷಿಸಬೇಕು. ವಿಂಡೋಸ್‌ನ ಎಲ್ಲ ಭಾಗಗಳ ಮೂಲಪ್ರತಿಗಳು ವಿನ್‌ಎಸ್‌ಎಕ್ಸ್‌ಎಸ್ ಎಂಬ ಫೋಲ್ಡರಿನಲ್ಲಿರುತ್ತವೆ. ವಿದ್ಯುತ್ ಹೋಗಿ ಕಂಪ್ಯೂಟರ್ ಏಕಾಏಕಿ ಆರಿದಾಗಲೋ ಡಿಸ್ಕಿನ ದೋಷದಿಂದಲೋ ಅದರಲ್ಲೊಂದು ಕಡತ ಕೆಟ್ಟರೆ, ಆ ಭಾಗವನ್ನು ಮುಟ್ಟುವ ಪ್ರತಿಯೊಂದು ಅಪ್‌ಡೇಟೂ ವಿಫಲವಾಗುತ್ತದೆ. ಇದನ್ನು ಸರಿಪಡಿಸಲು ಎರಡು ಉಪಕರಣಗಳಿವೆ, ಅವುಗಳ ಅನುಕ್ರಮ ಮುಖ್ಯ. ಎಸ್‌ಎಫ್‌ಸಿ ಎಂಬುದು ಬಳಕೆಯಲ್ಲಿರುವ ಕಡತಗಳನ್ನು ಪರೀಕ್ಷಿಸಿ ಕೆಟ್ಟದ್ದರ ಜಾಗಕ್ಕೆ ಉಗ್ರಾಣದಿಂದ ಒಳ್ಳೆಯ ಪ್ರತಿಯನ್ನು ತರುತ್ತದೆ. ಡಿಸಂ ಎಂಬುದು ಉಗ್ರಾಣವನ್ನೇ ದುರಸ್ತಿ ಮಾಡುತ್ತದೆ. ಉಗ್ರಾಣವೇ ಕೆಟ್ಟಿರುವಾಗ ಎಸ್‌ಎಫ್‌ಸಿಯನ್ನು ಮೊದಲು ಓಡಿಸಿದರೆ ಅದಕ್ಕೆ ಒಳ್ಳೆಯ ಪ್ರತಿ ಸಿಗದೆ ದುರಸ್ತಿ ಅರ್ಧಕ್ಕೇ ನಿಲ್ಲಬಹುದು. ಆದ್ದರಿಂದ ಮೊದಲು ಡಿಸಂ, ಆಮೇಲೆ ಎಸ್‌ಎಫ್‌ಸಿ.

ಸ್ಟಾರ್ಟ್ ಮೆನುವಿನಲ್ಲಿ ಕಮಾಂಡ್ ಪ್ರಾಂಪ್ಟ್ ಹುಡುಕಿ, ಅದರ ಮೇಲೆ ಬಲ ಕ್ಲಿಕ್ ಮಾಡಿ ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಿರಿ. ‘ಡಿಸಂ’ (ಡಿ, ಐ, ಎಸ್, ಎಂ ಎಂಬ ನಾಲ್ಕು ಅಕ್ಷರಗಳು) ಎಂದು ಬರೆದು, ನಂತರ ಒಂದೊಂದರ ಮುಂದೆಯೂ ಓರೆಗೆರೆ (ಫಾರ್ವರ್ಡ್ ಸ್ಲ್ಯಾಶ್) ಹಾಕಿ ‘ಆನ್‌ಲೈನ್’, ‘ಕ್ಲೀನಪ್-ಇಮೇಜ್’, ‘ರಿಸ್ಟೋರ್‌ಹೆಲ್ತ್’ ಎಂಬ ಮೂರು ಪದಗಳನ್ನು ನಡುವೆ ಜಾಗ ಬಿಟ್ಟು ಟೈಪ್ ಮಾಡಿ ಎಂಟರ್ ಒತ್ತಿ. ಇದು ನಿಧಾನದ ಕೆಲಸ. 62.3 ಶೇಕಡಾದಲ್ಲಿ ನಿಂತುಹೋದಂತೆ ಕಾಣುವುದು ಅನೇಕರ ಅನುಭವ. ಅಲ್ಲಿ ಕಿಟಕಿ ಮುಚ್ಚಬೇಡಿ, ಹತ್ತು ಹದಿನೈದು ನಿಮಿಷ ಸುಮ್ಮನಿದ್ದು ಮತ್ತೆ ಚಲಿಸುತ್ತದೆ. ಅದು ಮುಗಿದ ಮೇಲೆ ‘ಎಸ್‌ಎಫ್‌ಸಿ’ ಎಂದು ಬರೆದು, ಜಾಗ ಬಿಟ್ಟು, ಓರೆಗೆರೆಯೊಂದಿಗೆ ‘ಸ್ಕ್ಯಾನ್‌ನೌ’ ಸೇರಿಸಿ. ಕೊನೆಯಲ್ಲಿ ಬರುವ ವಾಕ್ಯವನ್ನು ಓದಿ: ದೋಷಗಳೇ ಸಿಗಲಿಲ್ಲ ಎನ್ನಬಹುದು, ಸಿಕ್ಕವನ್ನು ಸರಿಪಡಿಸಿದೆ ಎನ್ನಬಹುದು, ಕೆಲವನ್ನು ಸರಿಪಡಿಸಲಾಗಲಿಲ್ಲ ಎನ್ನಬಹುದು. ಮೂರನೆಯದು ಬಂದರೆ ರೀಸ್ಟಾರ್ಟ್ ಮಾಡಿ ಇನ್ನೊಮ್ಮೆ ಓಡಿಸಿ.

ಡಿಸಂ ತನಗೆ ಬೇಕಾದ ಒಳ್ಳೆಯ ಪ್ರತಿಗಳನ್ನು ವಿಂಡೋಸ್ ಅಪ್‌ಡೇಟ್ ಸರ್ವರಿನಿಂದಲೇ ತರಿಸಿಕೊಳ್ಳುತ್ತದೆ. ಅಪ್‌ಡೇಟ್ ವ್ಯವಸ್ಥೆಯೇ ಕೆಟ್ಟಿರುವಾಗ ಈ ದಾರಿಯೂ ಮುಚ್ಚಿರುವ ಸಂಭವವಿದೆ, ಆಗ 800ಎಫ್081ಎಫ್ ಎಂಬ ಕೋಡ್ ಬರುತ್ತದೆ, ಅಂದರೆ ಮೂಲ ಕಡತ ಸಿಗಲಿಲ್ಲ. ಐಎಸ್‌ಓ ಕಡತದಿಂದ (ವಿಂಡೋಸ್ ಇನ್‌ಸ್ಟಾಲ್‌ಗೆ ಬೇಕಾದದ್ದೆಲ್ಲವೂ ಒಂದೇ ಕಡತವಾಗಿ ಸಿಗುವ ರೂಪ) ಮೂಲವನ್ನು ತೋರಿಸುವ ಉದ್ದದ ಆಜ್ಞೆ ಇದೆಯಾದರೂ, ಆವೃತ್ತಿ ಸ್ವಲ್ಪ ಹೊಂದದಿದ್ದರೂ ಅದು ಫಲಿಸುವುದಿಲ್ಲ. ಆ ಹಂತ ಮುಟ್ಟಿದವರು ಅದರ ಹಿಂದೆ ಅಲೆಯದೆ ಕೊನೆಯಲ್ಲಿ ಹೇಳಿರುವ ದುರಸ್ತಿ ಇನ್‌ಸ್ಟಾಲ್‌ಗೆ ನೇರವಾಗಿ ಹೋಗುವುದು ಲೇಸು.

ಒಂದು ಎಚ್ಚರಿಕೆ ಇಲ್ಲೇ ಹೇಳಬೇಕು. ಈ ದುರಸ್ತಿ ಯಶಸ್ವಿಯಾಗಿ, ವಾರದೊಳಗೆ ಮತ್ತೆ ಕಡತಗಳು ಕೆಟ್ಟಿವೆ ಎಂದು ಬಂದರೆ ಅದು ತಂತ್ರಾಂಶದ ದೋಷವಲ್ಲ ಎಂದು ಅನುಮಾನಿಸಿ. ಡಿಸ್ಕಿನ ದೋಷ ಹುಡುಕುವ ‘ಚೆಕ್‌ಡಿಸ್ಕ್’ (ಟೈಪ್ ಮಾಡಬೇಕಾದ ಅಕ್ಷರಗಳು ಸಿ, ಎಚ್, ಕೆ, ಡಿ, ಎಸ್, ಕೆ) ಪರೀಕ್ಷೆಯನ್ನೂ ವಿಂಡೋಸ್ ಮೆಮೊರಿ ಡಯಾಗ್ನಾಸ್ಟಿಕ್ ಪರೀಕ್ಷೆಯನ್ನೂ ಮಾಡಿ. ಸಾಯುತ್ತಿರುವ ಡಿಸ್ಕ್ ಅಥವಾ ಕೆಟ್ಟ ರಾಮ್ ಇರುವ ಕಂಪ್ಯೂಟರಿನಲ್ಲಿ ಅಪ್‌ಡೇಟಿನ ವೈಫಲ್ಯ ಬರಿಯ ಮೊದಲ ಲಕ್ಷಣ.

ಎಲ್ಲರೂ ಮೊದಲು ಮಾಡುವ, ನಿಜಕ್ಕೂ ತಡವಾಗಿ ಮಾಡಬೇಕಾದ ಕೆಲಸ

ಸಾಫ್ಟ್‌ವೇರ್‌ಡಿಸ್ಟ್ರಿಬ್ಯೂಷನ್ ಎಂಬ ಫೋಲ್ಡರನ್ನು ಅಳಿಸಿಹಾಕಿ ಎಂಬ ಸಲಹೆ ಎಲ್ಲೆಡೆ ಮೊದಲ ಸ್ಥಾನದಲ್ಲಿರುತ್ತದೆ. ವಿಂಡೋಸ್ ಫೋಲ್ಡರಿನೊಳಗಿರುವ ಇದರಲ್ಲಿ ಇಳಿಸಿಕೊಂಡ ಅಪ್‌ಡೇಟ್‌ಗಳೂ ಅವುಗಳ ದಾಖಲೆಯೂ ಇರುತ್ತವೆ. ಅರೆಬರೆ ಇಳಿದ ಅಥವಾ ಕೆಟ್ಟ ಡೌನ್‌ಲೋಡ್ ತೊಂದರೆ ಕೊಡುತ್ತಿದ್ದರೆ, ಅಂದರೆ 80070002 ಅಥವಾ 8024 ಸರಣಿಯ ಕೋಡ್ ಬರುತ್ತಿದ್ದರೆ, ಇದು ಒಳ್ಳೆಯ ಮದ್ದು. ಆದರೆ ರೀಸ್ಟಾರ್ಟ್ ನಂತರ ಮರಳುವ ಅಪ್‌ಡೇಟಿಗೆ ಇದರಿಂದ ಏನೂ ಪ್ರಯೋಜನವಿಲ್ಲ. ಅಷ್ಟೂ ಜಿಬಿಗಳನ್ನು ಹೊಸದಾಗಿ ಇಳಿಸಿಕೊಳ್ಳಬೇಕಾಗುತ್ತದೆ, ಅಪ್‌ಡೇಟ್ ಹಿಸ್ಟರಿ ಖಾಲಿಯಾಗಿ ಹಳೆಯ ಕೋಡ್‌ಗಳೂ ಕಣ್ಮರೆಯಾಗುತ್ತವೆ. ಮೊದಲೇ ಬರೆದಿಟ್ಟುಕೊಳ್ಳಿ ಎಂದದ್ದು ಇದಕ್ಕಾಗಿಯೇ.

ಮಾಡಲೇಬೇಕಾದಾಗ ಅಳಿಸುವುದರ ಬದಲು ಹೆಸರು ಬದಲಿಸಿ. ಸ್ಟಾರ್ಟ್ ಮೆನುವಿನಲ್ಲಿ ‘ಸರ್ವೀಸಸ್’ ಹುಡುಕಿ ತೆರೆದು, ಪಟ್ಟಿಯಲ್ಲಿ ‘ವಿಂಡೋಸ್ ಅಪ್‌ಡೇಟ್’ ಮತ್ತು ‘ಬ್ಯಾಕ್‌ಗ್ರೌಂಡ್ ಇಂಟೆಲಿಜೆಂಟ್ ಟ್ರಾನ್ಸ್‌ಫರ್ ಸರ್ವೀಸ್’ ಎಂಬ ಎರಡರ ಮೇಲೂ ಬಲ ಕ್ಲಿಕ್ ಮಾಡಿ ಸ್ಟಾಪ್ ಒತ್ತಿ. ನಂತರ ವಿಂಡೋಸ್ ಫೋಲ್ಡರಿಗೆ ಹೋಗಿ ಆ ಫೋಲ್ಡರಿನ ಹೆಸರಿನ ಕೊನೆಗೆ ‘ಓಲ್ಡ್’ ಎಂದು ಸೇರಿಸಿ. ಫೋಲ್ಡರ್ ಬಳಕೆಯಲ್ಲಿದೆ ಎಂದು ತಕರಾರು ಮಾಡಿದರೆ ನಿಲ್ಲಿಸಿದ ಸೇವೆ ಅಷ್ಟರಲ್ಲೇ ಮತ್ತೆ ಎದ್ದುಕೊಂಡಿದೆ ಎಂದರ್ಥ. ಪಟ್ಟಿಯನ್ನು ರಿಫ್ರೆಶ್ ಮಾಡಿ ಮತ್ತೆ ನಿಲ್ಲಿಸಿ ಕೂಡಲೇ ಹೆಸರು ಬದಲಿಸಿ. ರೀಸ್ಟಾರ್ಟ್ ಮಾಡಿ ಅಪ್‌ಡೇಟ್ ಹುಡುಕಿದಾಗ ವಿಂಡೋಸ್ ಹೊಸ ಫೋಲ್ಡರನ್ನು ತಾನೇ ಸೃಷ್ಟಿಸಿಕೊಳ್ಳುತ್ತದೆ.

ರೀಸ್ಟಾರ್ಟ್ ನಂತರ ಹಿಂದಕ್ಕೆ ಮರಳಿದರೆ

ಇದು ಕಷ್ಟದ ವರ್ಗ, ಮತ್ತು ನಾನೇ ಹೆಚ್ಚು ದಿನ ಕಳೆದುಕೊಂಡದ್ದೂ ಇಲ್ಲಿಯೇ. ನನ್ನ ಡೆಸ್ಕ್‌ಟಾಪ್ ಒಂದು ದೊಡ್ಡ ಆವೃತ್ತಿಯ ಅಪ್‌ಡೇಟಿನಲ್ಲಿ ಮೂರು ವಾರ ಪ್ರತಿ ಸಲವೂ ಹಿಂದಕ್ಕೆ ಮರಳುತ್ತಿತ್ತು. ಮೇಲೆ ಟೀಕಿಸಿದ ತಪ್ಪನ್ನೇ ನಾನೂ ಮಾಡಿದೆ: ಫೋಲ್ಡರಿನ ಹೆಸರನ್ನು ನಾಲ್ಕು ಸಲ ಬದಲಿಸಿದೆ, ಡಿಸಂ ಓಡಿಸಿದೆ, ಜಾಗ ಬಿಡಿಸಿದೆ. ಕೋಡ್ ಮಾತ್ರ ಪ್ರತಿ ಸಲವೂ ಸಿ1900101, ಅದರ ಪಕ್ಕದಲ್ಲಿ ಒಂದು ಅಡ್ಡಗೆರೆ, ಆಮೇಲೆ 30018. ಆ ಎರಡನೆಯ ಭಾಗವನ್ನು ನಾನು ಅಲಂಕಾರವೆಂದು ಭಾವಿಸಿದ್ದೆ. ವಾಸ್ತವದಲ್ಲಿ ಅದರ ಮೊದಲ ಅಂಕಿಯೇ ಹಂತವನ್ನು ಹೇಳುತ್ತದೆ: 1 ಎಂದರೆ ಹಳೆಯ ವಿಂಡೋಸ್ ಇನ್ನೂ ಓಡುತ್ತಿರುವಾಗ, 2 ಎಂದರೆ ನಡುವಿನ ಸುರಕ್ಷಿತ ಪರಿಸರದಲ್ಲಿ, 3 ಎಂದರೆ ಹೊಸ ವಿಂಡೋಸ್ ಮೊದಲ ಬಾರಿ ಬೂಟ್ ಆಗುವಾಗ, 4 ಎಂದರೆ ಎರಡನೆಯ ಬೂಟಿನಲ್ಲಿ. ನನ್ನದು ಮೊದಲ ಬೂಟಿನಲ್ಲಿ, ಸಾಧನಗಳೆಲ್ಲ ಹೊಸ ವ್ಯವಸ್ಥೆಗೆ ಪರಿಚಯವಾಗುವ ಹೊತ್ತಿನಲ್ಲಿ ಬೀಳುತ್ತಿತ್ತು. ಕಾರಣ, ವರ್ಷಗಳ ಹಿಂದೆ ಬಳಸಿ ಎತ್ತಿಟ್ಟಿದ್ದ ಒಂದು ಯುಎಸ್‌ಬಿ ವೈಫೈ ಡಾಂಗಲ್‌ನ ಡ್ರೈವರ್. ಡಾಂಗಲ್ ಮೇಜಿನ ಖಾನೆಯಲ್ಲಿತ್ತು, ಡ್ರೈವರ್ ಮಾತ್ರ ಕಂಪ್ಯೂಟರಿನಲ್ಲೇ ಉಳಿದಿತ್ತು.

ಹಾಗಾಗಿ ಈ ವರ್ಗದ ದೋಷಕ್ಕೆ ನನ್ನ ಕ್ರಮ ಹೀಗಿದೆ. ಕೀಬೋರ್ಡ್, ಮೌಸ್, ಮಾನಿಟರ್ ಬಿಟ್ಟು ಉಳಿದ ಎಲ್ಲ ಸಾಧನಗಳನ್ನೂ, ಹೊರಗಿನ ಡಿಸ್ಕ್ ಮತ್ತು ಪೆನ್‌ಡ್ರೈವ್‌ಗಳನ್ನೂ ಕಳಚಿಡಿ. ಡಿವೈಸ್ ಮ್ಯಾನೇಜರ್ ತೆರೆದು ವ್ಯೂ ಮೆನುವಿನಲ್ಲಿ ಅಡಗಿದ ಸಾಧನಗಳನ್ನು ತೋರಿಸುವ ಆಯ್ಕೆಯನ್ನು ಒತ್ತಿ. ಈಗ ಬಳಕೆಯಲ್ಲಿಲ್ಲದ ಸಾಧನಗಳು ಮಸುಕಾಗಿ ಕಾಣುತ್ತವೆ. ನಿಮಗೆ ಗುರುತಿರುವ ಹಳೆಯ ಸಾಧನವನ್ನು ಅನ್‌ಇನ್‌ಸ್ಟಾಲ್ ಮಾಡಿ, ಡ್ರೈವರನ್ನೂ ತೆಗೆದುಹಾಕುವ ಚೌಕಕ್ಕೆ ಟಿಕ್ ಹಾಕಿ. ಮಸುಕಾಗಿರುವ ಎಲ್ಲವನ್ನೂ ಅಳಿಸುವ ಅಗತ್ಯವಿಲ್ಲ, ಅದು ಅಪಾಯಕರವೂ ಹೌದು. ಬೇರೆ ಕಂಪನಿಯ ಆಂಟಿವೈರಸ್ ಇದ್ದರೆ ಅದನ್ನು ನಿಲ್ಲಿಸುವುದು ಸಾಲದು, ಅದರ ಡ್ರೈವರ್ ಒಳಗೇ ಇರುತ್ತದೆ. ಅಪ್‌ಡೇಟ್ ಮುಗಿಯುವವರೆಗೆ ಪೂರ್ತಿ ತೆಗೆಯಿರಿ. ಅಷ್ಟು ಹೊತ್ತು ವಿಂಡೋಸ್‌ನ ಡಿಫೆಂಡರ್ ತಾನಾಗಿ ಕಾವಲಿಗೆ ನಿಲ್ಲುತ್ತದೆ. ಗ್ರಾಫಿಕ್ಸ್ ಮತ್ತು ಸ್ಟೋರೇಜ್ ಡ್ರೈವರ್‌ಗಳನ್ನು ತಯಾರಕರ ತಾಣದಿಂದ ಹೊಸದಾಗಿಸಿಕೊಳ್ಳಿ. ಏನೇ ಆದರೂ, ಬದಲಾವಣೆಗಳನ್ನು ಹಿಂತೆಗೆಯುತ್ತಿರುವಾಗ ಬೇಸರದಿಂದ ಪವರ್ ಬಟನ್ ಒತ್ತಿ ಆರಿಸಬೇಡಿ. ಆ ಹೊತ್ತಿನಲ್ಲಿ ಅದು ನಿಮ್ಮ ಹಳೆಯ ವ್ಯವಸ್ಥೆಯನ್ನು ಮರಳಿ ಕಟ್ಟುತ್ತಿರುತ್ತದೆ.

ಡ್ರೈವರ್ ಅಲ್ಲವೆಂದು ಖಚಿತವಾದರೆ ಕಣ್ಣಿಗೆ ಕಾಣದ ಸಣ್ಣ ವಿಭಾಗಗಳ ಕಡೆ ಗಮನ ಕೊಡಬೇಕು. ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದರೆ ಸಿ ಡ್ರೈವಿನ ಅಕ್ಕಪಕ್ಕದಲ್ಲಿ ಬೂಟ್‌ಗೆ ಬೇಕಾದ, ಹಲವು ಕಂಪ್ಯೂಟರ್‌ಗಳಲ್ಲಿ 100 ಎಂಬಿಯಷ್ಟೇ ಇರುವ ವಿಭಾಗವೂ, ವಿಂಡೋಸ್ ಕೆಟ್ಟಾಗ ದುರಸ್ತಿಗೆ ನೆರವಾಗುವ ರಿಕವರಿ ವಿಭಾಗವೂ ಕಾಣುತ್ತವೆ. 800ಎಫ್0922 ಎಂಬ ಕೋಡ್ ಬಂದಾಗ ಮೊದಲಿನದು ತುಂಬಿರುವ ಸಾಧ್ಯತೆಯಿದೆ. ವಿಪಿಎನ್‌ನಿಂದಾಗಿಯೂ ಇದೇ ಕೋಡ್ ಬರುವುದುಂಟು, ಆದ್ದರಿಂದ ಸುಲಭವಾದ ಅದನ್ನೇ ಮೊದಲು ಪರೀಕ್ಷಿಸಿ.

ರಿಕವರಿ ವಿಭಾಗದ ಕಥೆ ಇನ್ನೂ ಬೋಧಪ್ರದ. 2024ರ ಜನವರಿಯಲ್ಲಿ ವಿಂಡೋಸ್ 10ಕ್ಕೆ ಬಂದ ಕೆಬಿ5034441 ಎಂಬ ಭದ್ರತಾ ಅಪ್‌ಡೇಟ್ ಅಸಂಖ್ಯ ಕಂಪ್ಯೂಟರ್‌ಗಳಲ್ಲಿ 80070643 ಎಂಬ ಕೋಡಿನೊಂದಿಗೆ ಪ್ರತಿದಿನ ವಿಫಲವಾಗುತ್ತಿತ್ತು. ಮೇಲೆ ಹೇಳಿದಂತೆ ಲೆಕ್ಕ ಹಾಕಿದರೆ ಅದು 1603, ‘ಇನ್‌ಸ್ಟಾಲ್ ಮಾಡುವಾಗ ಗಂಭೀರ ದೋಷ’ ಎಂಬ ಏನನ್ನೂ ತಿಳಿಸದ ಉತ್ತರ. ಕೋಡ್ ಓದುವ ವಿಧಾನಕ್ಕೂ ಮಿತಿಯುಂಟು. ಆ ಅಪ್‌ಡೇಟಿಗೆ ರಿಕವರಿ ವಿಭಾಗದಲ್ಲಿ 250 ಎಂಬಿ ಖಾಲಿ ಜಾಗ ಬೇಕಿತ್ತು, ಹಳೆಯ ಕಂಪ್ಯೂಟರ್‌ಗಳಲ್ಲಿ ಅಷ್ಟು ಇರಲಿಲ್ಲ. ಸಿ ಡ್ರೈವಿನಲ್ಲಿ ನೂರಾರು ಜಿಬಿ ಖಾಲಿ ಇದ್ದವರೂ ಡಿಸಂ ಓಡಿಸಿ, ಫೋಲ್ಡರ್ ಬದಲಿಸಿ ದಣಿದರು. ಸಿ ಡ್ರೈವನ್ನು ಸ್ವಲ್ಪ ಕುಗ್ಗಿಸಿ ರಿಕವರಿ ವಿಭಾಗವನ್ನು ಹಿಗ್ಗಿಸುವ ಕ್ರಮವನ್ನು ಮೈಕ್ರೋಸಾಫ್ಟೇ ಪ್ರಕಟಿಸಬೇಕಾಯಿತು. ಡಿಸ್ಕಿನ ವಿಭಾಗಗಳನ್ನು ಮುಟ್ಟುವ ಕೆಲಸವನ್ನು ಬ್ಯಾಕಪ್ ಇಲ್ಲದೆ ಮಾಡಬಾರದು. ಅಭ್ಯಾಸವಿಲ್ಲದವರು ಬಲ್ಲವರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಮಾಡಲಿ.

ಕಾಯುವುದೂ ಒಂದು ಪರಿಹಾರ

ತಿಂಗಳ ಭದ್ರತಾ ಅಪ್‌ಡೇಟ್‌ಗಳು ಸಾಮಾನ್ಯವಾಗಿ ಪ್ರತಿ ತಿಂಗಳ ಎರಡನೆಯ ಮಂಗಳವಾರ ಬಿಡುಗಡೆಯಾಗುತ್ತವೆ. ಮೊದಲ ಎರಡು ಮೂರು ದಿನಗಳಲ್ಲೇ ನಿಮ್ಮದು ವಿಫಲವಾಗಿ, ಅದೇ ಕೆಬಿ ಸಂಖ್ಯೆಯ ಬಗ್ಗೆ ಬಹಳ ಜನ ದೂರುತ್ತಿದ್ದರೆ ತಪ್ಪು ನಿಮ್ಮ ಕಂಪ್ಯೂಟರಿನದ್ದಲ್ಲ. ಮೈಕ್ರೋಸಾಫ್ಟ್‌ನ ‘ರಿಲೀಸ್ ಹೆಲ್ತ್’ ಪುಟದಲ್ಲಿ ಆವೃತ್ತಿವಾರು ಗೊತ್ತಿರುವ ದೋಷಗಳ ಪಟ್ಟಿಯಿರುತ್ತದೆ. ಅಲ್ಲಿ ಅದು ದಾಖಲಾಗಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಅಪ್‌ಡೇಟನ್ನು ಒಂದೆರಡು ವಾರ ತಡೆಹಿಡಿಯಿರಿ. ತಿಂಗಳ ಅಪ್‌ಡೇಟ್‌ಗಳು ಹಿಂದಿನದನ್ನೆಲ್ಲ ಒಳಗೊಂಡೇ ಬರುವುದರಿಂದ ಒಂದು ತಿಂಗಳಿನದು ತಪ್ಪಿದರೂ ಮುಂದಿನದರಲ್ಲಿ ಅದು ಸೇರಿರುತ್ತದೆ. ಆದರೆ ತಡೆಹಿಡಿದದ್ದನ್ನು ಮರೆತು ತಿಂಗಳುಗಟ್ಟಲೆ ಭದ್ರತಾ ಅಪ್‌ಡೇಟ್ ಇಲ್ಲದೆ ಇರುವುದು ಸರಿಯಲ್ಲ.

ಕೊನೆಯ ದಾರಿ: ದುರಸ್ತಿ ಇನ್‌ಸ್ಟಾಲ್

ಯಾವುದೂ ಫಲಿಸದಿದ್ದರೆ ವಿಂಡೋಸನ್ನು ಅದರ ಮೇಲೆಯೇ ಮತ್ತೆ ಇನ್‌ಸ್ಟಾಲ್ ಮಾಡಬಹುದು. ನಿಮ್ಮ ಕಡತಗಳೂ ತಂತ್ರಾಂಶಗಳೂ ಹಾಗೇ ಉಳಿದು, ವ್ಯವಸ್ಥೆಯ ಕಡತಗಳು ಮಾತ್ರ ಹೊಸದಾಗುತ್ತವೆ. ವಿಂಡೋಸ್ 11ರ ಇತ್ತೀಚಿನ ಆವೃತ್ತಿಗಳಲ್ಲಿ ಸೆಟ್ಟಿಂಗ್ಸ್‌ನ ಸಿಸ್ಟಂ ವಿಭಾಗದ ರಿಕವರಿ ಪುಟದಲ್ಲಿ ‘ವಿಂಡೋಸ್ ಅಪ್‌ಡೇಟ್ ಬಳಸಿ ಸಮಸ್ಯೆ ಸರಿಪಡಿಸಿ’ ಎಂಬರ್ಥದ ಸಾಲಿದೆ; ಅಲ್ಲಿನ ‘ರೀಇನ್‌ಸ್ಟಾಲ್ ನೌ’ ಒತ್ತಿದರೆ ಸಾಕು. ಆ ಆಯ್ಕೆ ಇಲ್ಲದಿದ್ದರೆ ಅಥವಾ ಡೌನ್‌ಲೋಡೇ ಆಗದಿದ್ದರೆ ಮೈಕ್ರೋಸಾಫ್ಟ್ ತಾಣದಿಂದ ಐಎಸ್‌ಓ ಕಡತವನ್ನು ಇಳಿಸಿಕೊಳ್ಳಿ. ಪೆನ್‌ಡ್ರೈವಿನಿಂದ ಬೂಟ್ ಮಾಡಬೇಡಿ. ಈಗಿನ ವಿಂಡೋಸ್ ಓಡುತ್ತಿರುವಾಗಲೇ ಐಎಸ್‌ಓ ಮೇಲೆ ಎರಡು ಬಾರಿ ಕ್ಲಿಕ್ ಮಾಡಿ ಒಳಗಿರುವ ಸೆಟಪ್ ಕಡತವನ್ನು ಓಡಿಸಿ. ಏನನ್ನು ಉಳಿಸಿಕೊಳ್ಳಬೇಕು ಎಂದು ಕೇಳುವ ಪರದೆಯಲ್ಲಿ ಕಡತಗಳು ಮತ್ತು ಆ್ಯಪ್‌ಗಳು ಎಂಬ ಆಯ್ಕೆಯನ್ನೇ ಒತ್ತಿ. ಆ ಆಯ್ಕೆ ಮಸುಕಾಗಿದ್ದರೆ ಮುಂದುವರಿಯಬೇಡಿ: ಐಎಸ್‌ಓದ ಭಾಷೆ ಅಥವಾ ಆವೃತ್ತಿ ನಿಮ್ಮದಕ್ಕೆ ಹೊಂದುತ್ತಿಲ್ಲ, ಸರಿಯಾದದ್ದನ್ನು ಇಳಿಸಿಕೊಂಡು ಮತ್ತೆ ಶುರುಮಾಡಿ. ಇದೂ ಹಿಂದಕ್ಕೆ ಮರಳಿದರೆ, ‘ವಿಂಡೋಸ್’ ಫೋಲ್ಡರಿನ ‘ಲಾಗ್ಸ್’ ಒಳಗೆ ‘ಸೆಟಪ್‌ಡಯಾಗ್’ ಎಂಬ ಫೋಲ್ಡರ್ ಇದೆಯೇ ನೋಡಿ. ಸೋತದ್ದೇಕೆ ಎಂಬುದರ ವಿಶ್ಲೇಷಣೆಯನ್ನು ವಿಂಡೋಸ್ ಅಲ್ಲಿ ಬರೆದಿಟ್ಟಿರುತ್ತದೆ, ಎಷ್ಟೋ ಸಲ ತೊಂದರೆಯ ಡ್ರೈವರಿನ ಹೆಸರು ಸಹಿತ.

ಅಪ್‌ಡೇಟ್ ಯಶಸ್ವಿಯಾದ ಕೂಡಲೇ ಶುಚಿಗೊಳಿಸಲು ಆತುರಪಡಬೇಡಿ. ದೊಡ್ಡ ಆವೃತ್ತಿಯ ಏರಿಕೆಯ ನಂತರ ಹಳೆಯದಕ್ಕೆ ಮರಳಲು ಸಾಮಾನ್ಯವಾಗಿ 10 ದಿನಗಳ ಅವಕಾಶವಿರುತ್ತದೆ, ಅದಕ್ಕೆ ಬೇಕಾದ ಕಡತಗಳು ‘ವಿಂಡೋಸ್ ಡಾಟ್ ಓಲ್ಡ್’ ಎಂಬ ಫೋಲ್ಡರಿನಲ್ಲಿರುತ್ತವೆ. ಪ್ರಿಂಟರ್, ಧ್ವನಿ, ನೆಟ್‌ವರ್ಕ್ ಮತ್ತು ನೀವು ದಿನವೂ ಬಳಸುವ ತಂತ್ರಾಂಶಗಳು ಸರಿಯಾಗಿವೆಯೇ ಎಂದು ಒಂದು ವಾರ ನೋಡಿ, ಆಮೇಲೆ ಸ್ಟೋರೇಜ್ ಪುಟದಿಂದ ಅದನ್ನು ತೆಗೆಯಿರಿ. ಹೆಸರು ಬದಲಿಸಿಟ್ಟಿದ್ದ ಸಾಫ್ಟ್‌ವೇರ್‌ಡಿಸ್ಟ್ರಿಬ್ಯೂಷನ್ ಫೋಲ್ಡರ್ ಇದ್ದರೆ ಅದನ್ನೂ ಅಳಿಸಿ, ತೆಗೆದಿದ್ದ ಆಂಟಿವೈರಸ್ ಬೇಕಿದ್ದರೆ ಅದರ ಹೊಸ ಆವೃತ್ತಿಯನ್ನು ಹಾಕಿಕೊಳ್ಳಿ.